ಚಾಲಕನಿಲ್ಲದ ಟ್ರ್ಯಾಕ್ಟರ್ ಹೊಲಕ್ಕಿಳಿಸುವ ಮುನ್ನ

ಮುಧೋಳ, ಜಮಖಂಡಿ ಕಡೆಯ ಹೊಲಗಳಲ್ಲಿ ತಾನಾಗಿಯೇ ಓಡುವ ಟ್ರ್ಯಾಕ್ಟರಿಗೆ ದೊಡ್ಡ ಗಂಡಾಂತರ ಕಲ್ಲಲ್ಲ, ಮರವಲ್ಲ. ಕಟ್ಟೆಯಿಲ್ಲದ ಹಳೇ ಬಾವಿ. ಎದ್ದು ನಿಂತ ವಸ್ತುವನ್ನು ಕ್ಯಾಮೆರಾ, ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ) ಬೇಗ ಹಿಡಿಯುತ್ತವೆ. ನೆಲಮಟ್ಟಕ್ಕಿರುವ ಗುಂಡಿ ಅವುಗಳ ಕಣ್ಣಿಗೆ ಬೀಳುವುದು ಕಷ್ಟ. ಎತ್ತಾದರೆ ಬಾವಿ ಕಂಡು ತಾನೇ ಹಿಂದೆ ಸರಿಯುತ್ತಿತ್ತು.

ಹಾಗಾಗಿ ಟ್ರ್ಯಾಕ್ಟರಿಗೆ ಹೊಲದ ನಕ್ಷೆ ಕೊಡಲು ಮೊದಲು ಜಿಪಿಎಸ್ ರಿಸೀವರ್ ಹಿಡಿದು ಬದುವಿನ ಗುಂಟ ನಡೆಯಿರಿ. ಮೊಬೈಲ್ ನಕ್ಷೆಯ ಮೇಲೆ ಬೆರಳಲ್ಲಿ ಎಳೆದ ಗೆರೆ ನಂಬಬೇಡಿ. ಸಾಮಾನ್ಯ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ. ಆರ್‌ಟಿಕೆ ತಿದ್ದುಪಡಿ (ಜಾಗ ಗೊತ್ತಿರುವ ನೆಲದ ಕೇಂದ್ರವೊಂದು ಜಿಪಿಎಸ್ ತಪ್ಪನ್ನು ಆಗಿಂದಾಗಲೇ ಸರಿಪಡಿಸಿ ಕಳಿಸುವ ಮಾಹಿತಿ) ಸಿಕ್ಕರೆ ತಪ್ಪು 2–3 ಸೆಂಟಿಮೀಟರಿಗೆ ಇಳಿಯುತ್ತದೆ. ಬಾವಿ, ಕರೆಂಟ್ ಕಂಬ, ಕಂಬದ ಎಳೆತಂತಿ, ಡ್ರಿಪ್ ವಾಲ್ವ್ ಎಲ್ಲದಕ್ಕೂ ಸುತ್ತ ಆ ನಕ್ಷೆಯಲ್ಲಿ ನಿಷೇಧದ ಗೆರೆ ಹಾಕಿ. ಬಾವಿಗೆ ಇನ್ನಷ್ಟು ಜಾಗ ಬಿಡಿ: ಮಳೆಗೆ ನೆನೆದ ಎರೆ ಮಣ್ಣಿನ ಅಂಚು ಟ್ರ್ಯಾಕ್ಟರಿನ ಭಾರಕ್ಕೆ ಕುಸಿಯುತ್ತದೆ, ತಿರುಗುವಾಗ ಹಿಂದೆ ಕಟ್ಟಿದ ರೋಟಾವೇಟರ್ (ತಿರುಗುವ ಬ್ಲೇಡಿನಿಂದ ಮಣ್ಣು ಪುಡಿಮಾಡುವ ಸಲಕರಣೆ) ಬೇರೆ ಹೊರಕ್ಕೆ ಬೀಸುತ್ತದೆ.

ಆಮೇಲೆ ನಿಲ್ಲಿಸುವ ಪರೀಕ್ಷೆ. ದಿನಾ ಬೆಳಿಗ್ಗೆ, ಕೆಲಸದ ವೇಗದಲ್ಲೇ, ರಿಮೋಟಿನ ಕೆಂಪು ಗುಂಡಿ ಒತ್ತಿ ಎಷ್ಟು ದೂರಕ್ಕೆ ನಿಂತಿತೆಂದು ಅಳೆಯಿರಿ. ಗಂಟೆಗೆ 6 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 1.7 ಮೀಟರ್, ಒಂದು ಸೆಕೆಂಡ್ ತಡವಾದರೂ ಒಂದಾಳುದ್ದ ಮುಂದೆ ಹೋಗಿರುತ್ತದೆ. ಬಳಿಕ ರಿಮೋಟನ್ನೇ ಆಫ್ ಮಾಡಿ ನೋಡಿ. ಸಂಪರ್ಕ ಕಡಿದಾಗ ತಾನಾಗಿ ನಿಲ್ಲದ ಯಂತ್ರವನ್ನು ಹೊಲಕ್ಕೇ ಬಿಡಬೇಡಿ.

ಮನುಷ್ಯರನ್ನು ಗುರುತಿಸುತ್ತದೆಯೇ ಎಂದು ನೋಡಲು ಬೆದರುಗೊಂಬೆ ಸಾಕು. ನಿಲ್ಲಿಸಿ, ಕೂರಿಸಿ, ಮಲಗಿಸಿ ನೋಡಿ. ಕೂರಿಸುವುದೇ ಮುಖ್ಯ, ನಮ್ಮಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು ಕೂತೇ ಕೆಲಸ ಮಾಡುತ್ತಾರೆ. ಕಬ್ಬಿನ ಗರಿ ಮರೆಯಲ್ಲಿಟ್ಟೂ ಒಮ್ಮೆ ನೋಡಿ. ಧೂಳು ಕೂತ ಲೆನ್ಸ್ ಏನನ್ನೂ ಕಾಣದು, ಊಟದ ಹೊತ್ತಿಗೊಮ್ಮೆ ಒರೆಸಿ. ಗೊಂಬೆ ಎಷ್ಟೇ ಸಲ ಪಾರಾಗಲಿ, ಹೊಲದಲ್ಲಿ ಆಳುಗಳಿರುವಾಗ ಸೀಟು ಖಾಲಿ ಬಿಡಬೇಡಿ ಎಂಬುದು ನನ್ನ ಮಾತು. ರಸ್ತೆಗಿಳಿದರೂ ಅಷ್ಟೇ.

ಕೊಳ್ಳುವಾಗ ‘ಐಎಸ್‌ಒ 18497’ ಪಾಲಿಸಿದ್ದೀರಾ ಎಂದು ಕೇಳಿ. ಸ್ವಯಂಚಾಲಿತ ಕೃಷಿ ಯಂತ್ರಗಳ ಸುರಕ್ಷತೆಗೆಂದೇ ಇರುವ ಅಂತರರಾಷ್ಟ್ರೀಯ ಮಾನದಂಡವದು.

ರೋಟಾವೇಟರಿಗೆ ರವದಿ (ಕಬ್ಬಿನ ಒಣ ಗರಿ) ಸುತ್ತಿಕೊಂಡಾಗ ರಿಮೋಟಿನಲ್ಲಿ ನಿಲ್ಲಿಸಿ ಕೈ ಹಾಕುವವರಿದ್ದಾರೆ. ನಿಂತ ಯಂತ್ರ ದಾರಿ ತೆರವಾಯಿತೆಂದು ಮತ್ತೆ ಹೊರಟೀತು. ಎಂಜಿನ್ ಆರಿಸಿ, ಬ್ಲೇಡು ಪೂರ್ತಿ ನಿಲ್ಲಲಿ, ಕೀಲಿ ನಿಮ್ಮ ಕಿಸೆಯಲ್ಲಿರಲಿ.