100 ಮೀಟರ್ ಓಟದ ವೇಗ ಹೆಚ್ಚಿಸಿಕೊಳ್ಳುವ ಬಗೆ: ಎಳೆಯ ಓಟಗಾರರಿಗೆ

ಮೈದಾನಕ್ಕೆ ಹತ್ತು ಸುತ್ತು ಹಾಕಿ, ಏದುಸಿರು ಬಿಡುತ್ತಾ ಕುಸಿದು ಕೂತರೆ ಒಳ್ಳೆಯ ಅಭ್ಯಾಸವಾಯಿತು ಎಂದು ಬಹಳಷ್ಟು ಮಕ್ಕಳು ನಂಬಿದ್ದಾರೆ. ಅದರಿಂದ ದಮ್ಮು ಬೆಳೆಯುತ್ತದೆ, ವೇಗ ಬೆಳೆಯುವುದಿಲ್ಲ. ಮೈ ದಣಿಯದೇ ಇರುವಾಗ, ಇರುವ ಬಲವನ್ನೆಲ್ಲ ಹಾಕಿ ಓಡಿದರೆ ಮಾತ್ರ ವೇಗ ಸುಧಾರಿಸುತ್ತದೆ. ದಣಿದ ಮೇಲೂ ಓಡುತ್ತಲೇ ಇದ್ದರೆ ಪಾದ ನೆಲದ ಮೇಲೆ ಹೆಚ್ಚು ಹೊತ್ತು ಉಳಿಯುತ್ತದೆ, ಸೊಂಟ ಕುಸಿಯುತ್ತದೆ. ನರ, ಸ್ನಾಯುಗಳು ಆ ನಿಧಾನದ ಓಟವನ್ನೇ ರೂಢಿ ಮಾಡಿಕೊಳ್ಳುತ್ತವೆ.

ಹಾಗಾಗಿ ಮೊದಲು ಕಲಿಯಬೇಕಾದದ್ದು ವಿಶ್ರಾಂತಿ. ಪೂರ್ತಿ ವೇಗದ ಓಟಕ್ಕೆ ಸ್ನಾಯುವಿನಲ್ಲಿರುವ ಶಕ್ತಿಯ ದಾಸ್ತಾನು ಕೆಲವೇ ಸೆಕೆಂಡಿಗೆ ಸಾಕಾಗುವಷ್ಟಿರುತ್ತದೆ. ಅದು ಮತ್ತೆ ತುಂಬಲು ಮೂರರಿಂದ ಐದು ನಿಮಿಷ ಬೇಕು. ಓಡಿದ ಪ್ರತಿ 10 ಮೀಟರ್‌ಗೆ ಒಂದು ನಿಮಿಷ ವಿಶ್ರಾಂತಿ ಎಂದು ಲೆಕ್ಕ ಇಟ್ಟುಕೊಳ್ಳಿ: 30 ಮೀಟರ್ ಓಡಿದರೆ 3 ನಿಮಿಷ, 60 ಮೀಟರ್‌ಗೆ 6 ನಿಮಿಷ. ಆ ಹೊತ್ತಿನಲ್ಲಿ ಕೂರಬೇಡಿ, ನಿಧಾನವಾಗಿ ನಡೆದಾಡಿ. ಒಂದು ದಿನಕ್ಕೆ ಪೂರ್ತಿ ವೇಗದ ಓಟವೆಲ್ಲ ಸೇರಿ 200ರಿಂದ 300 ಮೀಟರ್ ಆದರೆ ಸಾಕು. ನೋಡುವವರಿಗೆ ಇದು ಸೋಮಾರಿತನದಂತೆ ಕಾಣಬಹುದು. ಕಾಣಲಿ ಬಿಡಿ.

ಅಭ್ಯಾಸ ಆರಂಭಿಸುವ ಮುನ್ನ ಎರಡು ಅಳತೆ ಮಾಡಿಕೊಳ್ಳಿ. ಒಂದು, ನಿಂತಲ್ಲಿಂದ 30 ಮೀಟರ್. ಇನ್ನೊಂದು, 25 ಮೀಟರ್ ಓಡಿ ಬಂದು ವೇಗ ಏರಿದ ಮೇಲಿನ 20 ಮೀಟರ್. ಎರಡನೆಯದಕ್ಕೆ 'ಫ್ಲೈಯಿಂಗ್ 20' ಎನ್ನುತ್ತಾರೆ. ಅದು 2.50 ಸೆಕೆಂಡ್ ಬಂದರೆ ಸೆಕೆಂಡಿಗೆ 8 ಮೀಟರ್ ವೇಗ, 2.22 ಬಂದರೆ 9 ಮೀಟರ್. ಸ್ಟಾಪ್‌ವಾಚ್ ಒತ್ತುವ ಬೆರಳು ಸಲೀಸಾಗಿ 0.1 ಸೆಕೆಂಡ್ ಆಚೀಚೆ ಆಗುತ್ತದೆ. ಆದ್ದರಿಂದ ಫೋನಿನಲ್ಲಿ ವಿಡಿಯೋ ಮಾಡಿ, ಫ್ರೇಮ್ ಎಣಿಸುವುದು ಮೇಲು. ಸೆಕೆಂಡಿಗೆ 60 ಫ್ರೇಮ್ ಇದ್ದರೆ ಒಂದು ಫ್ರೇಮ್ ಎಂದರೆ ಸುಮಾರು 0.017 ಸೆಕೆಂಡ್.

ಈ ಎರಡು ಅಳತೆ ಏಕೆಂದರೆ, ನೂರು ಮೀಟರ್ ಎಂಬುದು ಒಂದೇ ಬಗೆಯ ಓಟವಲ್ಲ. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡಿನಲ್ಲಿ ಓಡಿದಾಗ 60ರಿಂದ 80 ಮೀಟರ್‌ವರೆಗಿನ ಭಾಗಕ್ಕೆ 1.61 ಸೆಕೆಂಡ್ ಹಿಡಿಯಿತು, ಕೊನೆಯ 20 ಮೀಟರ್‌ಗೆ 1.66. ಅಂದರೆ ಅವರೂ ಕೊನೆಯಲ್ಲಿ ನಿಧಾನವಾದರು. ಎಳೆಯ ಓಟಗಾರರ ವೇಗ ಇನ್ನೂ ಬೇಗ, ಸಾಮಾನ್ಯವಾಗಿ 30ರಿಂದ 50 ಮೀಟರ್ ನಡುವೆಯೇ ತುದಿ ಮುಟ್ಟುತ್ತದೆ. ಆ ತುದಿ ಎತ್ತರವಿದ್ದಷ್ಟೂ ಕೊನೆಯ ಮೀಟರ್‌ಗಳಲ್ಲಿ ಕಳೆದುಕೊಂಡ ಮೇಲೂ ಉಳಿಯುವುದು ಹೆಚ್ಚು. ಅದಕ್ಕೇ ಮೊದಲ ಒಂದೆರಡು ವರ್ಷ 150, 200 ಮೀಟರ್‌ಗಳ ಹಿಂದೆ ಬೀಳದೆ ಈ ಎರಡು ಚಿಕ್ಕ ದೂರಗಳ ಮೇಲೆಯೇ ಗಮನ ಇಡಿ.

ವಾರ್ಮ್‌ಅಪ್‌ಗೆ 20ರಿಂದ 25 ನಿಮಿಷ ಕೊಡಿ. ನಾಲ್ಕು ನಿಮಿಷ ಹಗುರ ಓಟ, ಕಾಲನ್ನು ಹಿಂದೆ ಮುಂದೆ ಮತ್ತು ಅಡ್ಡಡ್ಡ ಬೀಸುವುದು ತಲಾ 10 ಸಲ, ಉದ್ದ ಹೆಜ್ಜೆಯಿಟ್ಟು ಮಂಡಿ ಬಾಗಿಸುತ್ತಾ ನಡೆಯುವುದು 10 ಹೆಜ್ಜೆ. ಆಮೇಲೆ ಮಂಡಿ ಎತ್ತಿ ನಡೆಯುವ 'ಎ ಮಾರ್ಚ್', ಅದನ್ನೇ ಕುಪ್ಪಳಿಸುತ್ತಾ ಮಾಡುವ 'ಎ ಸ್ಕಿಪ್', ತಲಾ 20 ಮೀಟರ್ ಎರಡೆರಡು ಸಲ. ಕೊನೆಗೆ 50 ಮೀಟರ್‌ನ ಮೂರು ಓಟ: ಮೊದಲನೆಯದು ಶೇ 70ರ ವೇಗದಲ್ಲಿ, ಆಮೇಲೆ 80, 90. ಸ್ನಾಯುವನ್ನು ಎಳೆದು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದಿಡುವ ವ್ಯಾಯಾಮವನ್ನು ಓಟಕ್ಕೆ ಮೊದಲು ಮಾಡಬೇಡಿ. ಅದು ಸ್ನಾಯುವಿನ ಚುರುಕನ್ನು ಕೆಲಹೊತ್ತು ತಗ್ಗಿಸುತ್ತದೆ.

ಮೊದಲ 30 ಮೀಟರ್

ಇಲ್ಲಿ ಕೆಲಸವೆಂದರೆ ನೆಲವನ್ನು ಹಿಂದಕ್ಕೆ ತಳ್ಳುವುದು. ಹಿಮ್ಮಡಿಯಿಂದ ನೆತ್ತಿಯವರೆಗೆ ಮೈ ಒಂದೇ ಗೆರೆಯಲ್ಲಿ ಮುಂದಕ್ಕೆ ವಾಲಿರಬೇಕು. ಸೊಂಟದಲ್ಲಿ ಮುರಿದು ಬಾಗಿದರೆ ಅದು ವಾಲುವುದಲ್ಲ. ಪಾದ ನೆಲ ಮುಟ್ಟುವಾಗ ಮಂಡಿಯ ಕೆಳಗಿನ ಕಾಲೂ ಬೆನ್ನೂ ಹೆಚ್ಚುಕಡಿಮೆ ಒಂದೇ ಓರೆಯಲ್ಲಿ ಇರಲಿ. ಹೆಜ್ಜೆಗಳು ತಾವಾಗಿ ಉದ್ದವಾಗುತ್ತವೆ, ಮೈ ತಾನಾಗಿ ನೆಟ್ಟಗಾಗುತ್ತದೆ.

ಎಡವುವ ಜಾಗ ಮೂರು. ಚಿಕ್ಕ ಚಿಕ್ಕ ಹೆಜ್ಜೆಯನ್ನು ಪಟಪಟ ಇಡುವುದು ಮೊದಲನೆಯದು. ಕಾಲು ಬೇಗ ಆಡುತ್ತದೆ, ಮೈ ಮುಂದೆ ಹೋಗುವುದಿಲ್ಲ. ಮೂರನೇ ಹೆಜ್ಜೆಗೇ ತಲೆ ಎತ್ತಿ ನೆಟ್ಟಗೆ ನಿಂತುಬಿಡುವುದು ಎರಡನೆಯದು. ದೊಡ್ಡ ಓಟಗಾರರನ್ನು ನೋಡಿ ಗದ್ದವನ್ನು ಎದೆಗೆ ಒತ್ತಿಕೊಂಡು 30 ಮೀಟರ್‌ವರೆಗೂ ಬಗ್ಗಿಯೇ ಓಡುವುದು ಮೂರನೆಯದು. ಅವರಲ್ಲಿ ಅಷ್ಟು ದೂರ ವಾಲಿ ಓಡಲು ಬೇಕಾದ ಬಲವಿದೆ. ಹನ್ನೆರಡು, ಹದಿಮೂರರ ಮಕ್ಕಳಲ್ಲಿ ಇರುವುದಿಲ್ಲ, 10ರಿಂದ 15 ಮೀಟರ್‌ಗೆ ಅವರು ಏಳುವುದು ಸರಿಯೇ.

ಅಭ್ಯಾಸ ಹೀಗಿರಲಿ: ನಿಂತು ಮುಂದಕ್ಕೆ ವಾಲಿ, ಬೀಳುವ ಹಂತದಲ್ಲಿ ಓಡತೊಡಗುವುದು, 15 ಮೀಟರ್, 4 ಸಲ. ನೆಲದ ಮೇಲೆ ಬೋರಲು ಮಲಗಿ, ಕೈಯೂರಿ ಎದ್ದು ಓಡುವುದು, 15 ಮೀಟರ್, 3 ಸಲ. ಒಂದು ಕೈ ನೆಲಕ್ಕೂರಿ ಹೊರಡುವ 30 ಮೀಟರ್, 3 ಸಲ. ಸ್ವಲ್ಪವೇ ಏರು ಇರುವ ಜಾಗ ಸಿಕ್ಕರೆ ಅಲ್ಲಿ 20 ಮೀಟರ್ ಓಟ 5 ಸಲ ಮಾಡಿ. ಏರು ಸರಿಯಾದ ಓರೆಯನ್ನು ತಾನೇ ಕಲಿಸುತ್ತದೆ. ಹಿಂದೆ ಭಾರ ಕಟ್ಟಿ ಎಳೆಯುತ್ತಾ ಓಡುವುದಾದರೆ ದೇಹತೂಕದ ಹತ್ತನೇ ಒಂದು ಭಾಗದಿಂದ ಶುರುಮಾಡಿ.

ಬ್ಲಾಕ್ ಜೋಡಿಸುವುದು

ಓಟ ಹೊರಡುವಾಗ ಪಾದ ಒತ್ತಿ ಚಿಮ್ಮಲು ನೆಲಕ್ಕೆ ಕೂರಿಸುವ ಆಸರೆಯೇ ಬ್ಲಾಕ್. ಮುಂದಿನ ಬ್ಲಾಕ್ ಹೊರಡುವ ಗೆರೆಯಿಂದ ನಿಮ್ಮದೇ ಪಾದದ ಎರಡು ಅಳತೆ ಹಿಂದೆ, ಹಿಂದಿನದು ಮೂರು ಅಳತೆ ಹಿಂದೆ. ಇದು ಶುರುವಿಗೆ, ಆಮೇಲೆ ಒಂದೆರಡು ಬೆರಳು ಆಚೀಚೆ ಮಾಡಿ ನೋಡಬಹುದು. ಯಾವ ಕಾಲು ಮುಂದೆ ಎಂದು ಗೊತ್ತಾಗದಿದ್ದರೆ ಎರಡೂ ಬಗೆಯಲ್ಲಿ 10 ಮೀಟರ್ ಓಡಿ, ವಿಡಿಯೋದಲ್ಲಿ ಯಾವುದು ಬೇಗ ಬಂತೋ ಅದನ್ನು ಇಟ್ಟುಕೊಳ್ಳಿ.

ಓಟ ಹೊರಡಿಸುವವರು 'ಸೆಟ್' (ಸಿದ್ಧರಾಗಿ) ಎಂದಾಗ ಸೊಂಟ ಭುಜಕ್ಕಿಂತ ತುಸು ಮೇಲೆ ಬರಬೇಕು. ಮುಂಗಾಲಿನ ಮಂಡಿಯ ಕೋನ ಸುಮಾರು 90 ಡಿಗ್ರಿ, ಹಿಂಗಾಲಿನದು 120ರಿಂದ 130. ಇಷ್ಟು ಮಾಡಿದ ಮೇಲೂ ಬಹಳ ಜನ ಮರೆಯುವುದು ಒಂದಿದೆ: ಎರಡೂ ಪಾದಗಳಿಂದ ಬ್ಲಾಕನ್ನು ಮೊದಲೇ ಹಿಂದಕ್ಕೆ ಒತ್ತಿ ಹಿಡಿದಿರಬೇಕು. ಒತ್ತಡವಿಲ್ಲದೆ ಸುಮ್ಮನೆ ಪಾದ ತಾಗಿಸಿಕೊಂಡು ಕಾಯುವವರು ಪಿಸ್ತೂಲಿನ ಸದ್ದು ಕೇಳಿದ ಮೇಲೆ ಒತ್ತಲು ಶುರುಮಾಡುತ್ತಾರೆ, ಅಲ್ಲೇ ಹೊತ್ತು ಹೋಗುತ್ತದೆ. ಭಾರವೆಲ್ಲ ಕೈ ಮೇಲೆ ಬಿದ್ದರೆ ಮೊದಲ ಹೆಜ್ಜೆ ಮುಗ್ಗರಿಸುತ್ತದೆ. ಸೊಂಟ ತೀರ ಕೆಳಗಿದ್ದರೆ ಮೈ ಮುಂದಕ್ಕೆ ಹೋಗುವ ಬದಲು ಮೇಲಕ್ಕೆ ಏಳುತ್ತದೆ. ಸದ್ದಾಗುವ ಕ್ಷಣವನ್ನು ಊಹಿಸಲು ಹೋಗಬೇಡಿ. ಬ್ಲಾಕ್‌ನಲ್ಲಿ ಸೆನ್ಸರ್ ಇರುವ ಕಡೆ ಸದ್ದಾದ 0.1 ಸೆಕೆಂಡಿನೊಳಗೆ ಕದಲಿದರೂ ಅದು ಫೌಲ್ ಸ್ಟಾರ್ಟ್, ಅಂದರೆ ತಪ್ಪು ಆರಂಭ.

ಪೂರ್ತಿ ವೇಗದಲ್ಲಿ ಪಾದ ಏನು ಮಾಡಬೇಕು

ವೇಗದ ಓಟಗಾರರ ಪಾದ ನೆಲದ ಮೇಲೆ ಇರುವುದು ಸುಮಾರು 0.1 ಸೆಕೆಂಡ್, ಕೆಲವರದ್ದು ಅದಕ್ಕೂ ಕಡಿಮೆ. ಕಾಲನ್ನು ಗಾಳಿಯಲ್ಲಿ ಬೇಗ ತಿರುಗಿಸುವುದಕ್ಕಿಂತ ಆ ಚಿಕ್ಕ ಹೊತ್ತಿನಲ್ಲಿ ನೆಲಕ್ಕೆ ಎಷ್ಟು ಬಲ ಕೊಡುತ್ತಾರೆ ಎಂಬುದೇ ವೇಗದವರನ್ನೂ ನಿಧಾನದವರನ್ನೂ ಬೇರೆ ಮಾಡುತ್ತದೆ. ಹಾಗಾಗಿ ಕಣಕಾಲು ಸಡಿಲವಾಗಿರಬಾರದು. ಬೆರಳು ಮೇಲಕ್ಕೆ ಎಳೆದುಕೊಂಡಿರಲಿ, ಪಾದದ ಮುಂಭಾಗ ಸೊಂಟದ ಹತ್ತಿರವೇ, ತುಸುವೇ ಮುಂದೆ ಬೀಳಲಿ. ಹೆಜ್ಜೆ ಉದ್ದ ಮಾಡಬೇಕೆಂದು ಪಾದವನ್ನು ದೂರ ಚಾಚಿ ಇಟ್ಟರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆ.

ಇದನ್ನು ನೋಡಲು ಫೋನನ್ನು ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ ಇಟ್ಟು ಸ್ಲೋ ಮೋಷನ್‌ನಲ್ಲಿ ಚಿತ್ರೀಕರಿಸಿ. ಪಾದ ನೆಲ ಮುಟ್ಟಿದ ಫ್ರೇಮ್‌ನಲ್ಲಿ ನಿಲ್ಲಿಸಿ, ಇನ್ನೊಂದು ಕಾಲಿನ ಮಂಡಿ ಎಲ್ಲಿದೆ ನೋಡಿ. ನೆಲದ ಮೇಲಿರುವ ಕಾಲಿನ ಮಂಡಿಯ ಪಕ್ಕಕ್ಕೆ ಬಂದಿದ್ದರೆ ಸರಿ. ಒಂದು ಗೇಣು ಹಿಂದೆ ಉಳಿದಿದ್ದರೆ ನೀವು ಕಾಲನ್ನು ಹಿಂದೆ ಬಿಟ್ಟು ಓಡುತ್ತಿದ್ದೀರಿ ಎಂದರ್ಥ. ಸೊಂಟ ಮುಂದಕ್ಕೆ ಬಾಗಿರುವುದು ಅಥವಾ ತೀರ ಕೆಳಗಿರುವುದು ಇದಕ್ಕೆ ಸಾಮಾನ್ಯ ಕಾರಣ.

ತಿದ್ದಿಕೊಳ್ಳಲು 15 ಸೆಂಟಿಮೀಟರ್ ಎತ್ತರದ ಚಿಕ್ಕ ಹರ್ಡಲ್‌ಗಳನ್ನು ಹತ್ತು ಇಡಿ. ಮೊದಲ ಎರಡರ ನಡುವೆ 1.5 ಮೀಟರ್, ಮುಂದೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ 1.8 ಮೀಟರ್‌ವರೆಗೆ. ಎತ್ತರ, ವೇಗ ನೋಡಿಕೊಂಡು ಬದಲಿಸಿ. 15 ಮೀಟರ್ ಓಡಿ ಬಂದು ಇವುಗಳನ್ನು ದಾಟಿದರೆ ಮಂಡಿ ಎತ್ತದೆ ಬೇರೆ ದಾರಿಯಿರುವುದಿಲ್ಲ. ಚಾಚಿ ಹಾರುವ ಹಾಗಾದರೆ ಅಂತರ ಕಡಿಮೆ ಮಾಡಿ. ಇದರ ನಂತರ ಫ್ಲೈಯಿಂಗ್ 20 ಮೂರೋ ನಾಲ್ಕೋ ಸಲ, ನಡುವೆ 5 ನಿಮಿಷ.

ಕೈಗಳದ್ದು ಸರಳ: ಮುಂದೆ ಕೆನ್ನೆಯ ಎತ್ತರ, ಹಿಂದೆ ಸೊಂಟ ದಾಟುವವರೆಗೆ, ಎದೆಯ ನಡುಗೆರೆ ದಾಟಿ ಅಡ್ಡ ಬರಬಾರದು. ಮುಷ್ಟಿ, ದವಡೆ ಬಿಗಿಹಿಡಿದರೆ ಭುಜವೂ ಬಿಗಿಯುತ್ತದೆ.

ಬಲ ಮತ್ತು ವಾರದ ಲೆಕ್ಕ

ವಾರಕ್ಕೆ ಎರಡು ಸಲ ಜಿಗಿತ: ಮಂಡಿ ಬಾಗಿಸದೆ ಕಣಕಾಲಿನಿಂದಲೇ ಪುಟಿಯುವುದು 15ರಂತೆ 2 ಸಲ, ನಿಂತಲ್ಲಿಂದ ಉದ್ದ ಜಿಗಿತ 4ರಂತೆ 3 ಸಲ. ಹೊಸಬರಿಗೆ ಪಾದ ನೆಲಕ್ಕೆ ಬೀಳುವ ಒಟ್ಟು ಲೆಕ್ಕ 60 ದಾಟಬಾರದು. ಒಂದು ಕಾಲು ಹಿಂದಿಟ್ಟು ಮಾಡುವ ಬಸ್ಕಿ, ಅಂಗಾತ ಮಲಗಿ ಒಂಟಿ ಕಾಲಿನಲ್ಲಿ ಸೊಂಟ ಎತ್ತುವುದು, ಹಿಮ್ಮಡಿ ಎತ್ತುವುದು ಕೂಡ ಸೇರಲಿ. ಯಾರಾದರೂ ಹಿಮ್ಮಡಿ ಹಿಡಿದಿರುವಾಗ ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ಇಳಿಯುವ ವ್ಯಾಯಾಮವನ್ನು 4ರಂತೆ 2 ಸಲ ಮಾಡಿ. ತೊಡೆಯ ಹಿಂಭಾಗ ಹರಿಯದಂತೆ ಕಾಯುವುದರಲ್ಲಿ ಇದಕ್ಕೆ ಸಮನಾದದ್ದು ಕಡಿಮೆ.

ವೇಗದ ದಿನ ವಾರಕ್ಕೆ ಮೂರು, ನಡುವೆ ಕನಿಷ್ಠ 48 ಗಂಟೆ: ಒಂದು ದಿನ ಮೊದಲ 30 ಮೀಟರ್‌ನದು, ಒಂದು ದಿನ ಫ್ಲೈಯಿಂಗ್, ಒಂದು ದಿನ ಬ್ಲಾಕ್ ಮತ್ತು ಎರಡು 60 ಮೀಟರ್. ಜಿಗಿತ, ಬಲದ ವ್ಯಾಯಾಮವನ್ನು ಓಟ ಮುಗಿದ ಮೇಲೆ ಅದೇ ದಿನ ಮುಗಿಸಿದರೆ ಉಳಿದ ದಿನ ನಿಜವಾದ ವಿಶ್ರಾಂತಿಯಾಗುತ್ತದೆ. ನಡುವಿನ ಒಂದು ದಿನ ಹುಲ್ಲಿನ ಮೇಲೆ ಶೇ 65ರ ವೇಗದಲ್ಲಿ 100 ಮೀಟರ್ ಆರು ಸಲ ಓಡಬಹುದು. ಎರಡು ಓಟ ಸಾಲಾಗಿ ನಿಧಾನವಾದರೆ, ಉದಾಹರಣೆಗೆ 30 ಮೀಟರ್ 4.50 ಇದ್ದದ್ದು 4.65 ದಾಟಿದರೆ, ಆ ದಿನದ ಓಟ ಅಲ್ಲಿಗೆ ನಿಲ್ಲಿಸಿ. ಇನ್ನೊಂದೇ ಒಂದು ಎನ್ನುವ ಓಟದಲ್ಲೇ ಗಾಯಗಳು ಹೆಚ್ಚು ಆಗುತ್ತವೆ.

ತೊಡೆಯ ಹಿಂದೆ ಹಿಡಿದಂತಾದರೆ ಅಂದು ಓಡಬೇಡಿ. ಬೀಸಿ ಬಂದ ಕಾಲು ನೆಲ ಮುಟ್ಟುವ ತುಸು ಮುಂಚೆ, ಸ್ನಾಯು ಹಿಗ್ಗಿಕೊಂಡೇ ಕೆಲಸ ಮಾಡುವಾಗ ಅದು ಹರಿಯುವುದು ಹೆಚ್ಚು. ಎತ್ತರ ಸರಸರ ಏರುವ ವರ್ಷದಲ್ಲಿ ಮಂಡಿಯ ಕೆಳಗಿನ ಮೂಳೆಯ ಉಬ್ಬಿನಲ್ಲೋ ಹಿಮ್ಮಡಿಯಲ್ಲೋ ನೋವು ಬರಬಹುದು, ಓಟದ ಲಯವೂ ತಪ್ಪಬಹುದು, ಸಮಯ ತಿಂಗಳುಗಟ್ಟಲೆ ಅಲುಗದಿರಬಹುದು. ಆಗ ಜಿಗಿತ ಅರ್ಧಕ್ಕೆ ಇಳಿಸಿ, ಕಲಿಸುವವರು ಗದರಬಾರದು, ಕುಂಟುವಂತಾದರೆ ವೈದ್ಯರಿಗೆ ತೋರಿಸಿ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಅದು ತರಬೇತಿಯದೇ ಭಾಗ.

ಆರು ವಾರಕ್ಕೊಮ್ಮೆ ಅದೇ ಟ್ರ್ಯಾಕ್, ಅದೇ ಶೂ, ಗಾಳಿಯಿಲ್ಲದ ಹೊತ್ತಿನಲ್ಲಿ ಮತ್ತೆ ಅಳೆಯಿರಿ. 30 ಮೀಟರ್ ಸುಧಾರಿಸಿ ಫ್ಲೈಯಿಂಗ್ 20 ಹಾಗೇ ಇದ್ದರೆ ಮುಂದಿನ ಆರು ವಾರ ಫ್ಲೈಯಿಂಗ್ ದಿನ ಎರಡು, ನೆಲ ತಳ್ಳುವ (ಮೊದಲ 30 ಮೀಟರ್‌ನ) ದಿನ ಒಂದು. ಉಲ್ಟಾ ಆದರೆ ಉಲ್ಟಾ. ಸ್ಪರ್ಧೆ ಇರುವ ವಾರ ಓಟದ ಒಟ್ಟು ದೂರ ಅರ್ಧಕ್ಕೆ ತನ್ನಿ, ಆದರೆ ಪೂರ್ತಿ ವೇಗ ಬಿಡಬೇಡಿ: ಎರಡು ದಿನ ಮುಂಚೆ ಬ್ಲಾಕ್‌ನಿಂದ 20 ಮೀಟರ್ ನಾಲ್ಕು ಸಲ ಓಡಿ, ಸ್ಪೈಕ್ಸ್ (ಮೊಳೆಯಿರುವ ಓಟದ ಶೂ) ಬಿಚ್ಚಿಟ್ಟು ಮನೆಗೆ ಹೋಗಿ.