ಹಳೆಯ ಪತ್ರಿಕೆಯಿಂದ ಗಟ್ಟಿಮುಟ್ಟಾದ ಚೀಲ

ಮನೆಯಲ್ಲಿ ಮಾಡಿದ ಕಾಗದದ ಚೀಲ ಹರಿಯುವುದು ಸಾಮಾನ್ಯವಾಗಿ ಎರಡೇ ಕಡೆ: ಬುಡದ ಅಂಟಿನಲ್ಲಿ ಅಥವಾ ಹಿಡಿಕೆಯ ತೂತಿನಲ್ಲಿ. ಇವೆರಡನ್ನು ಭದ್ರಪಡಿಸಿದರೆ ದುಬಾರಿ ಕಾಗದದ ಅಗತ್ಯವೇ ಇಲ್ಲ; ರದ್ದಿಯವನಿಗಾಗಿ ಕಟ್ಟಿಟ್ಟ ದಿನಪತ್ರಿಕೆಗಳೇ ಸಾಕು. ಮಹಾರಾಷ್ಟ್ರದಲ್ಲಿ 2018ರ ಜೂನ್ 23ರಿಂದ ಪ್ಲಾಸ್ಟಿಕ್ ಚೀಲಗಳ ನಿಷೇಧ ಕಟ್ಟುನಿಟ್ಟಾಗಿ ಜಾರಿಗೆ ಬಂದ ಮೇಲೆ ಮುಂಬಯಿಯ ಅಂಗಡಿಗಳಲ್ಲಿ ಕಾಗದದ ಚೀಲ ಸಾಮಾನ್ಯವಾಗಿದೆಯಾದರೂ, ನವರಾತ್ರಿಯ ಅರಿಶಿನ ಕುಂಕುಮಕ್ಕೆ ಬಂದವರಿಗೆ ತೆಂಗಿನಕಾಯಿ, ರವಿಕೆ ಕಣ ಇಟ್ಟು ಕೊಡಲು ಕೈಯಾರೆ ಮಾಡಿದ ಚೀಲಕ್ಕಿರುವ ಸೊಗಸೇ ಬೇರೆ.

ಮೊದಲು ಅಂಟನ್ನು ಸಿದ್ಧಪಡಿಸಿಕೊಳ್ಳಬೇಕು. ಎರಡು ದೊಡ್ಡ ಚಮಚ ಮೈದಾ ಹಿಟ್ಟನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಬಳಿಕ ಒಂದು ಲೋಟ ನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಿರಬೇಕು. ಹಾಲಿನಂತಿದ್ದ ದ್ರವ ಕ್ರಮೇಣ ಬಿಳುಪು ಕಳೆದುಕೊಂಡು ಹೊಳಪಿಗೆ ತಿರುಗಿ, ಚಮಚ ಎಳೆದ ಗೆರೆ ಕ್ಷಣಕಾಲ ಹಾಗೆಯೇ ನಿಂತಾಗ ಒಲೆಯಿಂದ ಇಳಿಸಿ ಆರಲು ಬಿಡಬೇಕು. ಹುಳು ಹಿಡಿಯದಿರಲೆಂದು ಕೆಲವರು ಇದಕ್ಕೆ ಮೈಲುತುತ್ತು ಸೇರಿಸುವುದುಂಟು. ಅದು ವಿಷವಾದ್ದರಿಂದ, ಮಕ್ಕಳೂ ಕೈಹಾಕುವ ಈ ಕೆಲಸದಲ್ಲಿ ಖಂಡಿತ ಬೇಡ.

ಪತ್ರಿಕೆಯ ಎರಡು ಜೋಡಿಹಾಳೆಗಳನ್ನು ಬಿಡಿಸಿ, ಅಂಚುಗಳಿಗೆ ತೆಳುವಾಗಿ ಅಂಟು ಸವರಿ ಒಂದರ ಮೇಲೊಂದು ಕೂಡಿಸಬೇಕು. ಬಿಡಿಸಿದ ಹಾಳೆ ಸುಮಾರು 70 ಸೆಂ.ಮೀ. ಅಗಲ, 54 ಸೆಂ.ಮೀ. ಎತ್ತರ ಇರುತ್ತದೆಂದು ಇಟ್ಟುಕೊಳ್ಳೋಣ. ಅಗಲದ ಉದ್ದಕ್ಕೂ ಕ್ರಮವಾಗಿ 24, 10, 24, 10 ಸೆಂ.ಮೀ. ಗುರುತು ಹಾಕಿದರೆ ಮುಂಭಾಗ, ಪಕ್ಕ, ಹಿಂಭಾಗ, ಇನ್ನೊಂದು ಪಕ್ಕ ಸಿಗುತ್ತವೆ. ಉಳಿದ 2 ಸೆಂ.ಮೀ. ಅಂಟಿಸುವ ಪಟ್ಟಿ. ಹಾಳೆ ಚಿಕ್ಕದಾಗಿದ್ದರೆ ಮುಂಭಾಗ, ಹಿಂಭಾಗಗಳನ್ನು ಸಮನಾಗಿ ಕಿರಿದು ಮಾಡಿಕೊಳ್ಳಬಹುದು. ಅಕ್ಷರಗಳು ನೆಟ್ಟಗೆ ನಿಲ್ಲುವಂತೆಯೇ ಹಾಳೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಪತ್ರಿಕೆ ಮೇಲಿಂದ ಕೆಳಕ್ಕೆ ನೇರವಾಗಿ ಹರಿದು, ಅಡ್ಡಕ್ಕೆ ಹರಿದಾಗ ಸೊಟ್ಟಗಾಗುವುದನ್ನು ಎಲ್ಲರೂ ಕಂಡಿದ್ದೇವೆ. ಕಾಗದದ ನಾರು ಮೇಲಿಂದ ಕೆಳಕ್ಕೆ ಸಾಗಿರುವುದೇ ಇದಕ್ಕೆ ಕಾರಣ. ಚೀಲದ ಭಾರವೂ ಅದೇ ದಿಕ್ಕಿನಲ್ಲಿ ಬಿದ್ದರೆ ಕಾಗದ ಹೆಚ್ಚು ತಡೆಯುತ್ತದೆ.

ಬಾಯಿಯ ಕಡೆ 8 ಸೆಂ.ಮೀ. ಒಳಕ್ಕೆ ಮಡಚಿ, ಆ ಮಡಿಕೆಯೊಳಗೆ ಮುಂದೊಂದು ಹಿಂದೊಂದು ರಟ್ಟಿನ ಪಟ್ಟಿ ಇಟ್ಟು ಅಂಟಿಸಬೇಕು. ಹಳೆಯ ಮದುವೆ ಕಾಗದದ ದಪ್ಪ ರಟ್ಟು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ನಂತರ ಗುರುತಿನ ಗೆರೆಗಳ ಮೇಲೆ ಸ್ಕೇಲಿಟ್ಟು ಮಡಚಿ, ಕೊನೆಯ ಪಟ್ಟಿಗೆ ಅಂಟು ಹಚ್ಚಿ ಕೊಳವೆಯಾಕಾರಕ್ಕೆ ತರಬೇಕು.

ಅವಸರ ಮಾಡಬಾರದಾದದ್ದು ಬುಡದ ವಿಷಯದಲ್ಲಿ. ಕೆಳಗಿನ 8 ಸೆಂ.ಮೀ. ಭಾಗವನ್ನು ಒಮ್ಮೆ ಮಡಚಿ ಬಿಡಿಸಿ ಗೆರೆ ಮೂಡಿಸಿಕೊಂಡು, ಮೊದಲು ಎರಡು ಪಕ್ಕಗಳನ್ನು ಒಳಕ್ಕೆ ಒತ್ತಬೇಕು. ಆಗ ಮುಂದೆ ಹಿಂದೆ ಒಂದೊಂದು ರೆಕ್ಕೆ ಉಳಿಯುತ್ತದೆ. ಪಕ್ಕದ ಅಗಲ 10 ಸೆಂ.ಮೀ. ಮಾತ್ರವಾದ್ದರಿಂದ 8 ಸೆಂ.ಮೀ. ಉದ್ದದ ಈ ರೆಕ್ಕೆಗಳು 6 ಸೆಂ.ಮೀ.ನಷ್ಟು ಒಂದರ ಮೇಲೊಂದು ಕೂರುತ್ತವೆ. ಬುಡದ ಬಲವೆಲ್ಲ ಈ ಹೊದಿಕೆಯಲ್ಲಿದೆ. ಅಂಟು ಅತಿಯಾದರೆ ಕಾಗದ ನೆನೆದು ಸುಕ್ಕುಗಟ್ಟುತ್ತದೆ, ಹಾಗಾಗಿ ತೆಳ್ಳಗೆ ಹಚ್ಚಿ, ಒಳಗಿನಿಂದ 23 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲದ ರಟ್ಟನ್ನು ಹಾಸಿ, ಮೇಲೆ ಭಾರವಾದ ಪುಸ್ತಕವಿಟ್ಟು ಒಂದು ರಾತ್ರಿ ಬಿಡಬೇಕು. ಮುಂಬಯಿಯ ಮಳೆಗಾಲದಲ್ಲಿ ಇದಕ್ಕೆ ಇನ್ನೂ ಒಂದು ದಿನ ಹಿಡಿಯಬಹುದು. ಫ್ಯಾನಿನ ಕೆಳಗಿಟ್ಟರೆ ಬೇಗ ಒಣಗುತ್ತದೆ.

ರಟ್ಟಿರುವ ಭಾಗದಲ್ಲೇ ತೂತು ಮಾಡಿ, ಸುತಲಿಯನ್ನು ಪೋಣಿಸಿ ಒಳಬದಿಯಲ್ಲಿ ಗಂಟು ಹಾಕಿದರೆ ಹಿಡಿಕೆ ಸಿದ್ಧ. ಒಂದು ತೆಂಗಿನಕಾಯಿ ಇಟ್ಟು ಎತ್ತಿ ನೋಡಿದ ಮೇಲೆಯೇ ಉಳಿದ ಚೀಲಗಳಿಗೆ ಕೈಹಾಕುವುದು ಸರಿ.

ಬಟಾಟೆ ವಡೆ, ಗೋಳಿಬಜೆ, ಚಕ್ಕುಲಿಯನ್ನು ಮಾತ್ರ ಇದರಲ್ಲಿ ನೇರವಾಗಿ ಹಾಕಬಾರದು. ಮುದ್ರಣದ ಶಾಯಿ ಎಣ್ಣೆಯ ತಿಂಡಿಗೆ ಹತ್ತುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು ನಿಷೇಧಿಸಿವೆ. ತಿಂಡಿಯನ್ನು ಡಬ್ಬಿಯಲ್ಲಿ ಹಾಕಿ, ಆ ಡಬ್ಬಿಯನ್ನು ಚೀಲದಲ್ಲಿಡಬಹುದು. ಮೈದಾ ಅಂಟಿಗೆ ಜಿರಳೆ ಮುತ್ತುವುದರಿಂದ, ಹಬ್ಬಕ್ಕೆ ಮುಂಚಿತವಾಗಿ ಮಾಡಿಟ್ಟ ಚೀಲಗಳನ್ನು ಚೆನ್ನಾಗಿ ಒಣಗಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು.