ಕೋಲು, ದಾರ, ಬಿಸಿಲು: ದಿಕ್ಕು ಹಿಡಿಯಲು ಇಷ್ಟು ಸಾಕು

ಮೂಡುಬಿದಿರೆ, ಪಡುಬಿದ್ರಿ ಅಂತ ಊರ ಹೆಸರಲ್ಲೇ ದಿಕ್ಕು ಇಟ್ಟುಕೊಂಡವರು ನಾವು. ಆದರೂ ಮನೆ ಕಟ್ಟಲು ಗುರುತು ಹಾಕುವಾಗ ದಿಕ್ಕು ತಪ್ಪುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕಬ್ಬಿಣದ ಸರಳಿನ ರಾಶಿಯ ಪಕ್ಕವೇ ನಿಂತು ಮೊಬೈಲ್ ದಿಕ್ಸೂಚಿ ನೋಡುತ್ತಾರೆ. ಅಲ್ಲಿ ಅದು ತಪ್ಪು ತೋರಿಸುತ್ತದೆ. ಅಯಸ್ಕಾಂತ ಇರುವ ಮೊಬೈಲ್ ಕವರ್ ಅಂತೂ ಬೇಡವೇ ಬೇಡ. ಸೂರ್ಯ ಹುಟ್ಟಿದ ಕಡೆಯೇ ಮೂಡು ಅನ್ನುವುದು ಮಾರ್ಚ್, ಸೆಪ್ಟೆಂಬರ್ ಮೂರನೇ ವಾರದ ಸುಮಾರಿಗೆ ಸರಿ. ಜೂನ್, ಡಿಸೆಂಬರ್‌ನಲ್ಲಿ ಸೂರ್ಯ 24 ಡಿಗ್ರಿಯಷ್ಟು ಪಕ್ಕಕ್ಕೆ ಸರಿದಿರುತ್ತಾನೆ. ಕಡಲನ್ನೂ ನಂಬಬೇಡಿ. ಪಣಂಬೂರಿನಿಂದ ಮಲ್ಪೆವರೆಗಿನ ಕರಾವಳಿ ನೇರ ಉತ್ತರಕ್ಕಿಲ್ಲ, 10 ಡಿಗ್ರಿಗಿಂತ ಜಾಸ್ತಿ ಪಶ್ಚಿಮಕ್ಕೆ ವಾಲಿದೆ.

ಡಿಸೆಂಬರ್‌ನ ಒಂದು ದಿನ ಆರಿಸಿಕೊಳ್ಳಿ. ಮೋಡ ಕಡಿಮೆ, ಸೂರ್ಯನ ದಾರಿಯೂ ಆಗ ದಿನದಿಂದ ದಿನಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು ಬೀಳುವ ಅಂಗಳ ಬೇಕು. ತೆಂಗಿನ ನೆರಳು ಬರಬಾರದು. ನೆಲ ಮಟ್ಟ ಇರಲಿ.

ಮೂರು ಅಡಿಯ ನೇರ ಕೋಲು ನೆಡಿ. ಕೆಲಸ ಕೆಡುವುದು ಇಲ್ಲೇ. ಕಣ್ಣಂದಾಜಿಗೆ ನೆಟ್ಟರೆ ಕೋಲು ವಾಲಿರುತ್ತದೆ, ದಿಕ್ಕೂ ಅದರ ಜೊತೆ ವಾಲುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಕೋಲು ಆ ದಾರಕ್ಕೆ ಸರಿಹೊಂದಬೇಕು. ಒಂದು ಬದಿಯಿಂದ ನೋಡಿದರೆ ಸಾಲದು, ಅಡ್ಡ ಬದಿಯಿಂದಲೂ ನೋಡಿ. ಮಣ್ಣು ಗಟ್ಟಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ, ಯಾಕೆಂದರೆ ಗುದ್ದುವಾಗ ಕೋಲು ಸರಿಯುತ್ತದೆ.

ಸುಮಾರು 10 ಗಂಟೆಗೆ ನೆರಳಿನ ತುದಿಗೆ ಮೊಳೆ ಹೊಡೆಯಿರಿ. ತುದಿ ಮಸುಕಾಗಿರುತ್ತದೆ, ಅಲ್ವಾ? ಕೆಳಗೆ ಬಿಳಿ ಕಾಗದ ಇಟ್ಟರೆ ಚೆನ್ನಾಗಿ ಕಾಣುತ್ತದೆ. ಕಪ್ಪು ಮುಗಿದು ಮಸುಕು ಶುರುವಾಗುವಲ್ಲಿ ಗುರುತು ಹಾಕಿ, ಮಧ್ಯಾಹ್ನದ ಮೇಲೂ ಹಾಗೆಯೇ ಮಾಡಿ. ಕೋಲಿನ ಬುಡದಿಂದ ಆ ಮೊಳೆವರೆಗೆ ದಾರ ಹಿಡಿದು ವೃತ್ತ ಎಳೆಯಿರಿ.

ನೆರಳು ಮೋಟಾಗುತ್ತಾ ಹೋಗಿ ಮತ್ತೆ ಬೆಳೆಯುತ್ತದೆ. 2.30ರಿಂದಲೇ ಕಾದು ಕುಳಿತುಕೊಳ್ಳಿ. ತುದಿ ವೃತ್ತ ಮುಟ್ಟಿದ ಕ್ಷಣ ಎರಡನೇ ಮೊಳೆ. ಚಹಾ ಕುಡಿದು ಬರುತ್ತೇನೆ ಅಂತ ಹೋದರೆ ಮುಗಿಯಿತು, ನಾಳೆ ಮತ್ತೆ ಶುರು ಮಾಡಬೇಕು.

ಮೊಳೆಗಳ ನಡುವೆ ಎಳೆದ ಗೆರೆಯೇ ಪೂರ್ವ–ಪಶ್ಚಿಮ. ಬೆಳಗಿನ ಮೊಳೆ ಪಶ್ಚಿಮ. ಅದು ಎಡಗೈ ಕಡೆ ಬರುವಂತೆ ನಿಂತರೆ ಎದುರಿಗೆ ಉತ್ತರ. ನಡು ಮಧ್ಯಾಹ್ನದ ನೆರಳು ಬಿದ್ದ ಕಡೆ ಉತ್ತರ ಅನ್ನಬೇಡಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಅದು ದಕ್ಷಿಣಕ್ಕೆ ಬೀಳುತ್ತದೆ. ಕೈಗಡಿಯಾರದ ಮುಳ್ಳನ್ನು ಸೂರ್ಯನಿಗೆ ಹಿಡಿಯುವ ಉಪಾಯವೂ ಅದೇ ಕಾರಣಕ್ಕೆ ಇಲ್ಲಿ ಬೇಡ.

ಹದಿನೈದು ನಿಮಿಷದ ಅಂತರದಲ್ಲಿ ಎರಡು ಗುರುತು ಹಾಕಿ ಸೇರಿಸುವ ಸುಲಭ ದಾರಿ ಇದೆ. ಬೆಳಿಗ್ಗೆ ಸುಮ್ನೆ ಮಾಡಿದರೆ ದಿಕ್ಕು ತಪ್ಪುತ್ತದೆ. ಸೂರ್ಯ ನೆತ್ತಿಯ ಗೆರೆ ದಾಟುವ ಹೊತ್ತಿಗೆ ಮಾತ್ರ ಮಾಡಿ. ಮಂಗಳೂರು, ಉಡುಪಿಯಲ್ಲಿ ಅದು 12ಕ್ಕಲ್ಲ, ತಿಂಗಳು ನೋಡಿಕೊಂಡು 12.15ರಿಂದ 12.45ರ ಒಳಗೆ.

ರಾತ್ರಿ ಗೆರೆಗೆ ಅಡ್ಡಲಾಗಿ ನಿಂತು ಉತ್ತರಕ್ಕೆ ಕೈ ಚಾಚಿ. ದಿಗಂತದಿಂದ ಒಂದು ಮುಷ್ಟಿಗಿಂತ ತುಸು ಮೇಲೆ ಧ್ರುವ ನಕ್ಷತ್ರ ಸಿಗಬೇಕು.